ಕೈಗೆಟುಕುವ ದೂರ

ಕಂಪ್ಯೂಟರಿನಲ್ಲಿ ಯಾವುದಾದರೊಂದು ಫೈಲಿನ ಮೇಲೆ ಮೌಸ್‌ನ ಬಾಣ ಇಟ್ಟು ರೈಟ್ ಕ್ಲಿಕ್ ಮಾಡಿ. ಪುಟ್ಟದೊಂದು ಮೆನು ತೆರೆದುಕೊಳ್ಳುತ್ತದೆ. ಈಗ ಕೈ ಅಲುಗಿಸದೆ ಬಾಣದ ತುದಿ ಎಲ್ಲಿದೆ ಎಂದು ನೋಡಿ. ಸಾಮಾನ್ಯವಾಗಿ ಅದು ಮೆನುವಿನ ಎಡ ಮೇಲ್ಮೂಲೆಗೆ ತಾಗಿಕೊಂಡಿರುತ್ತದೆ, ಆದರೆ ಮೊದಲ ಸಾಲಿನ ಮೇಲೆ ಕೂತಿರುವುದಿಲ್ಲ. ನಡುವೆ ಕೆಲವೇ ಪಿಕ್ಸೆಲ್‌ಗಳ ಖಾಲಿ ಅಂಚು. ಕಣ್ಣಿಗೆ ಬೀಳುವುದೇ ಕಷ್ಟ ಎನ್ನುವಷ್ಟು ಸಣ್ಣದು. ಅದನ್ನು ಚಂದಕ್ಕೆಂದು ಬಿಟ್ಟದ್ದಲ್ಲ. ಆ ಅಂಚು ಇಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಲಿನಕ್ಸ್ ಬಳಸುವವರು ಚೆನ್ನಾಗಿ ಬಲ್ಲರು.

ನಾವು ‘ಒಂದು ಕ್ಲಿಕ್’ ಎನ್ನುವುದು ಯಂತ್ರದ ಲೆಕ್ಕದಲ್ಲಿ ಎರಡು ಘಟನೆ. ಗುಂಡಿ ಒತ್ತಿದ್ದು ಒಂದು, ಬೆರಳು ಬಿಟ್ಟದ್ದು ಇನ್ನೊಂದು. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮೆನು ತೆರೆಯುವುದು ಬೆರಳು ಬಿಟ್ಟ ಮೇಲೆ. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಒತ್ತಿದ ಕ್ಷಣವೇ ತೆರೆಯುತ್ತದೆ. ಹೀಗೆ ಬೇಗ ತೆರೆದರೆ ಒಂದು ಲಾಭವಿದೆ. ಒತ್ತಿ, ಒತ್ತಿಕೊಂಡೇ ಬೇಕಾದ ಸಾಲಿಗೆ ಜಾರಿಸಿ, ಅಲ್ಲಿ ಬಿಟ್ಟರೆ ಕೆಲಸ ಮುಗಿಯಿತು. ಎರಡು ಕ್ಲಿಕ್‌ಗಳ ಕೆಲಸ ಒಂದರಲ್ಲೇ ಆಗುತ್ತದೆ. ಆದರೆ ಇದೇ ಅನುಕೂಲದ ಬೆನ್ನಿಗೆ ಅಪಾಯವೂ ಇದೆ. ಮೆನು ತೆರೆದಾಗ ಬಾಣದ ಕೆಳಗೇ ಒಂದು ಸಾಲು ಬಂದು ಕೂತರೆ, ಅಥವಾ ಬೆರಳು ಎತ್ತುವಷ್ಟರಲ್ಲಿ ಮೌಸ್ ತುಸುವೇ ಜಾರಿದರೆ, ಆ ಸಾಲನ್ನೇ ಆರಿಸಿದಿರಿ ಎಂದು ಯಂತ್ರ ತಿಳಿಯುತ್ತದೆ. ಮೆನು ಮಿಂಚಿ ಮಾಯವಾಗಿ, ನೀವು ಕೇಳದೇ ಇದ್ದ ಕೆಲಸವೊಂದು ನಡೆದುಹೋಗಿರುತ್ತದೆ. ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಬಳಸುವವರಲ್ಲಿ ಅನೇಕರಿಗೆ ಈ ಕಾಟ ತಟ್ಟಿತ್ತು. ಕೆಲವರು ತಾವೇ ಒಳಗಿನ ಶೈಲಿ ಫೈಲನ್ನು ತಿದ್ದಿ ಮೆನುವನ್ನು ನಾಲ್ಕೈದು ಪಿಕ್ಸೆಲ್ ಆಚೆ ಸರಿಸಿಕೊಂಡರು. ಬೆರಳು ಬಿಟ್ಟ ಮೇಲಷ್ಟೇ ಮೆನು ತೆರೆಯುವಂತೆ ಮಾಡುವ ಗುಪ್ತ ಆಯ್ಕೆಯೊಂದು ಆ ಬ್ರೌಸರಿನಲ್ಲೇ ಇದೆ.

ನಾಲ್ಕೈದು ಪಿಕ್ಸೆಲ್ ಎಂದರೆ ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಅಷ್ಟರಿಂದ ಇಷ್ಟು ವ್ಯತ್ಯಾಸ ಆಗುವುದಾದರೆ, ಮೆನುವನ್ನು ನಾಲ್ಕು ಸೆಂಟಿಮೀಟರ್ ದೂರದಲ್ಲಿ ತೆರೆದುಬಿಟ್ಟರೆ ತಪ್ಪುಗಳೇ ಇರುವುದಿಲ್ಲವಲ್ಲ? ಇದಕ್ಕೆ ಉತ್ತರ ಸಿಗಬೇಕಾದರೆ ಕಂಪ್ಯೂಟರನ್ನು ಬಿಟ್ಟು ಕೈಯ ವಿಜ್ಞಾನಕ್ಕೆ ಬರಬೇಕು.

1899ರಲ್ಲಿ ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ವುಡ್‌ವರ್ತ್ ಜನರಿಂದ ಪೆನ್ಸಿಲಿನಲ್ಲಿ ಗೆರೆ ಎಳೆಸಿ, ಮೆಟ್ರೊನೋಮ್‌ನ ತಾಳವನ್ನು ಏರಿಸುತ್ತಾ ಇಳಿಸುತ್ತಾ, ವೇಗ ಹೆಚ್ಚಿದಂತೆ ಗುರಿ ಹೇಗೆ ತಪ್ಪುತ್ತದೆ ಎಂದು ಅಳೆದರು. ಅವರಿಗೆ ಕಂಡದ್ದು ಇದು: ಕೈಯ ಚಲನೆಗೆ ಎರಡು ಹಂತ. ಮೊದಲನೆಯದು ಒಂದೇ ಏಟಿಗೆ ಗುರಿಯ ಸಮೀಪಕ್ಕೆ ನೆಗೆಯುವುದು. ಎರಡನೆಯದು ಕಣ್ಣಿನ ಸಹಾಯದಿಂದ ಅಳತೆ ತಿದ್ದಿಕೊಂಡು ನೆಲೆ ನಿಲ್ಲುವುದು. ಅವಸರ ಮಾಡಿದರೆ ಎರಡನೆಯ ಹಂತಕ್ಕೆ ಸಮಯವೇ ಸಿಗುವುದಿಲ್ಲ.

ಅರ್ಧ ಶತಮಾನದ ಬಳಿಕ, 1954ರಲ್ಲಿ, ಪಾಲ್ ಫಿಟ್ಸ್ ಇದಕ್ಕೆ ಗಣಿತದ ರೂಪ ಕೊಟ್ಟರು. ಅವರ ಪ್ರಯೋಗ ಸರಳವಾದದ್ದು. ಮೇಜಿನ ಮೇಲೆ ಎರಡು ಲೋಹದ ಪಟ್ಟಿಗಳು. ಕೈಯಲ್ಲಿ ಲೋಹದ ಕಡ್ಡಿ. ಒಮ್ಮೆ ಈ ಪಟ್ಟಿ, ಒಮ್ಮೆ ಆ ಪಟ್ಟಿ, ಹೀಗೆ ಬದಲಿಸುತ್ತಾ ಸಾಧ್ಯವಾದಷ್ಟು ಬೇಗ ಬಡಿಯಬೇಕು. ಪ್ರತಿ ಪಟ್ಟಿಯ ಆಚೀಚೆ ಇನ್ನೂ ಎರಡು ಪಟ್ಟಿಗಳಿದ್ದವು, ಗುರಿ ತಪ್ಪಿದ ಏಟುಗಳನ್ನು ಎಣಿಸಲು. ಪಟ್ಟಿಗಳ ಅಗಲವನ್ನೂ ನಡುವಿನ ದೂರವನ್ನೂ ಬದಲಿಸುತ್ತಾ ಹೋದಾಗ ಹೊರಬಿದ್ದ ನಿಯಮ ಅಚ್ಚರಿಯಾಗುವಷ್ಟು ಅಚ್ಚುಕಟ್ಟಾಗಿತ್ತು. ದೂರದ ಎರಡರಷ್ಟನ್ನು ಗುರಿಯ ಅಗಲದಿಂದ ಭಾಗಿಸಿ, ಬಂದ ಸಂಖ್ಯೆ ಎರಡರ ಎಷ್ಟನೆಯ ಘಾತ ಎಂದು ನೋಡಿ. ಅದೇ ಆ ಚಲನೆಯ ಕಷ್ಟದ ಅಳತೆ, ಬಿಟ್‌ಗಳಲ್ಲಿ. ಕ್ಲಾಡ್ ಶ್ಯಾನನ್ 1948ರಲ್ಲಿ ಟೆಲಿಫೋನ್ ತಂತಿಗಳ ಮಾಹಿತಿ ಸಾಗಣೆಗೆ ಕೊಟ್ಟ ಗಣಿತವನ್ನೇ ಫಿಟ್ಸ್ ಮನುಷ್ಯನ ತೋಳಿಗೂ ಅನ್ವಯಿಸಿದ್ದರು.

ಇದನ್ನು ಮೆನುವಿಗೆ ಹಚ್ಚಿ ನೋಡೋಣ. ಪ್ರತಿ ಸಾಲಿನ ಎತ್ತರ 4 ಮಿಲಿಮೀಟರ್ ಎಂದಿರಲಿ. ಬಾಣದಿಂದ 8 ಮಿಲಿಮೀಟರ್ ಕೆಳಗಿರುವ ಸಾಲನ್ನು ಮುಟ್ಟಲು 16 ಭಾಗ 4, ಅಂದರೆ ನಾಲ್ಕು, ಅಂದರೆ 2 ಬಿಟ್. ಅದೇ ಮೆನುವಿನಲ್ಲಿ 64 ಮಿಲಿಮೀಟರ್ ಕೆಳಗಿರುವ ಸಾಲಿಗೆ 128 ಭಾಗ 4, ಅಂದರೆ ಮೂವತ್ತೆರಡು, ಅಂದರೆ 5 ಬಿಟ್. ದೂರ ಎಂಟು ಪಟ್ಟು ಹೆಚ್ಚಿದರೂ ಕಷ್ಟ ಹೆಚ್ಚಿದ್ದು ಎರಡೂವರೆ ಪಟ್ಟು ಮಾತ್ರ. ಹಾಗೆಂದು ಅದು ಕಡಿಮೆಯೇನಲ್ಲ. ದಿನಕ್ಕೆ ನೂರಾರು ಸಲ ಮೆನು ತೆರೆಯುವವರ ಮಣಿಕಟ್ಟಿಗೆ ಆ ಮೂರು ಬಿಟ್‌ಗಳ ಭಾರ ಗೊತ್ತು. ಆದ್ದರಿಂದಲೇ ಮೆನುವನ್ನು ದೂರ ತಳ್ಳುವುದು ಪರಿಹಾರವಲ್ಲ. ಪರದೆಯ ಮೇಲೆ ಬಾಣ ಅತಿ ಬೇಗ ತಲುಪಬಲ್ಲ ಜಾಗ ಯಾವುದೆಂದರೆ, ಅದು ಈಗಾಗಲೇ ಇರುವ ಜಾಗ. ಪಾಪ್-ಅಪ್ ಮೆನುವಿನ ಇಡೀ ಪ್ರಯೋಜನ ಇರುವುದು ಈ ಒಂದು ಸಂಗತಿಯಲ್ಲಿ. ಅದರ ಇಡೀ ಅಪಾಯವೂ ಇಲ್ಲೇ ಇದೆ. ಅತ್ಯಂತ ಅನುಕೂಲದ ಜಾಗವೇ ಅತ್ಯಂತ ಸುಲಭವಾಗಿ ತಪ್ಪು ನಡೆಯುವ ಜಾಗ.

ಈ ಇಕ್ಕಟ್ಟು ಫಿಟ್ಸ್‌ಗೆ ಹೊಸದಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡಿದವರು. 1947ರಲ್ಲಿ ಅವರೂ ರಿಚರ್ಡ್ ಜೋನ್ಸ್ ಎಂಬವರೂ ಸೇರಿ, ‘ಪೈಲಟ್‌ನ ತಪ್ಪು’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದ 460 ಪ್ರಸಂಗಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ಬಗೆಯವು: ಒಂದು ಹಿಡಿಕೆಯ ಬದಲು ಇನ್ನೊಂದನ್ನು ಎಳೆದದ್ದು. ಅರಿವಿಲ್ಲದೆ ಕೈತಾಗಿ ಚಾಲೂ ಆದವುಗಳಿಗೂ ಅವರ ಪಟ್ಟಿಯಲ್ಲಿ ಪ್ರತ್ಯೇಕ ವರ್ಗವಿತ್ತು. ಅದಕ್ಕೂ ಮೊದಲು, ಯುದ್ಧದ ಕಾಲದಲ್ಲೇ, ಆಲ್ಫಾನ್ಸ್ ಚಪಾನಿಸ್ ಎಂಬ ಯುವ ಮನೋವಿಜ್ಞಾನಿ ಬಿ-17 ಬಾಂಬರ್ ವಿಮಾನಗಳಲ್ಲಿ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ಚಕ್ರಗಳನ್ನೇ ಮಡಚಿಬಿಡುತ್ತಿದ್ದುದರ ಕಾರಣ ಹುಡುಕಿದ್ದರು. ರೆಕ್ಕೆಯ ಫ್ಲ್ಯಾಪ್‌ಗಳ ಸ್ವಿಚ್ಚೂ ಚಕ್ರಗಳ ಸ್ವಿಚ್ಚೂ ಪಕ್ಕಪಕ್ಕದಲ್ಲಿದ್ದವು, ಮುಟ್ಟಿದರೆ ಒಂದೇ ತರ ಇದ್ದವು. ಚಕ್ರದ ಹಿಡಿಕೆಗೆ ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್‌ನ ಹಿಡಿಕೆಗೆ ಬೆಣೆಯಾಕಾರದ ತುಂಡು ಅಂಟಿಸಿದ್ದೇ ಅವರ ಪರಿಹಾರ. ಇಂದಿನ ವಿಮಾನಗಳಲ್ಲೂ ಚಕ್ರದ ಹಿಡಿಕೆಯ ತುದಿ ಚಕ್ರದ ಆಕಾರದಲ್ಲೇ ಇರುತ್ತದೆ. ಇವರೆಲ್ಲ ಕಲಿಸಿದ್ದೇನೆಂದರೆ, ಒಂದೇ ತಪ್ಪು ಬೇರೆ ಬೇರೆ ಜನರ ಕೈಯಲ್ಲಿ ಮತ್ತೆ ಮತ್ತೆ ನಡೆಯುತ್ತಿದ್ದರೆ ಆ ಜನರನ್ನು ಬಯ್ಯುವುದು ಬಿಟ್ಟು ಹಿಡಿಕೆಯನ್ನು ನೋಡಬೇಕು. ಮೆನುವಿನ ಸಾಲುಗಳಿಗೂ ಈ ಮಾತು ಪೂರಾ ಸಲ್ಲುತ್ತದೆ. ಅಲ್ಲಿ ಎಲ್ಲ ಸಾಲುಗಳೂ ಒಂದೇ ಎತ್ತರ, ಒಂದೇ ಬಣ್ಣ. ‘ರೀನೇಮ್’ ಪಕ್ಕದಲ್ಲೇ ‘ಡಿಲೀಟ್’.

ಫಿಟ್ಸ್‌ರ ನಿಯಮ ಕಂಪ್ಯೂಟರ್ ಲೋಕಕ್ಕೆ ಬಂದದ್ದು 1978ರಲ್ಲಿ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಕಾರ್ಡ್ ಮತ್ತು ಸಂಗಡಿಗರು ಮೌಸ್, ಜಾಯ್‌ಸ್ಟಿಕ್, ಬಾಣದ ಕೀಲಿಗಳನ್ನು ಹೋಲಿಸಿದರು. ಮೌಸ್‌ನ ವೇಗ ಬರಿಗೈಯ ವೇಗಕ್ಕೆ ಹತ್ತಿರವಿತ್ತು. ಅಂದರೆ ಅಡ್ಡಿ ಇದ್ದದ್ದು ಉಪಕರಣದಲ್ಲಲ್ಲ, ಕೈ ಮತ್ತು ಕಣ್ಣಿನ ಹೊಂದಾಣಿಕೆಯಲ್ಲಿ. ಇದೇ ಪಾರ್ಕ್‌ನಲ್ಲಿ ಸ್ಮಾಲ್‌ಟಾಕ್ ಎಂಬ ವ್ಯವಸ್ಥೆ ಕಟ್ಟುತ್ತಿದ್ದವರು ಪಾಪ್-ಅಪ್ ಮೆನುವನ್ನು ಬಳಕೆಗೆ ತಂದರು. ನೀವು ಕಳೆದ ಸಲ ಆರಿಸಿದ್ದ ಸಾಲೇ ಈ ಸಲ ಬಾಣದ ಕೆಳಗೆ ಬರುವಂತೆ ಅವರ ಮೆನು ತೆರೆಯುತ್ತಿತ್ತು. ಮಾಡಿದ್ದನ್ನೇ ಮತ್ತೆ ಮಾಡುವವರಿಗೆ ಕೈ ಅಲುಗಿಸುವ ಕೆಲಸವೇ ಇಲ್ಲ. ಆದರೆ ಕಳೆದ ಸಲ ನೀವು ಅಳಿಸಿದ್ದರೆ, ಈ ಸಲ ಬೆರಳು ಎತ್ತಿದ ಮಾತ್ರಕ್ಕೆ ಮತ್ತೆ ಅಳಿಸುವ ಸಂಭವವೂ ಉಂಟು.

ಮುಂದೆ ಮೆಕಿಂಟಾಷ್‌ನಲ್ಲಿ ಇದೇ ಉಪಾಯ ಹೊಸ ಜಾಗಕ್ಕೆ ಹೋಯಿತು. ಫಾಂಟ್ ಗಾತ್ರವನ್ನೋ ಕಾಗದದ ಅಳತೆಯನ್ನೋ ಆರಿಸುವ ಪಟ್ಟಿಗಳಲ್ಲಿ ಮ್ಯಾಕ್ ಏನು ಮಾಡುತ್ತದೆ ಗಮನಿಸಿ. ಈಗ ಚಾಲ್ತಿಯಲ್ಲಿರುವ ಆಯ್ಕೆಯೇ ಬಾಣದ ಕೆಳಗೆ ಬರುವಂತೆ ಇಡೀ ಪಟ್ಟಿಯನ್ನು ಮೇಲೆಯೋ ಕೆಳಗೋ ಸರಿಸಿ ತೆರೆಯುತ್ತದೆ. ಗಾತ್ರ 12 ಇದ್ದರೆ ಬಾಣ 12ರ ಮೇಲೆ, 11 ಮತ್ತು 13 ಅದರ ಮೇಲೆ ಕೆಳಗೆ. ಕೈತಪ್ಪಿ ಬೆರಳು ಎತ್ತಿದರೆ ಆಯ್ಕೆಯಾಗುವುದು ಮೊದಲೇ ಇದ್ದ 12. ಏನೂ ಬದಲಾಗುವುದಿಲ್ಲ. ಈ ವಿನ್ಯಾಸವನ್ನು ನಾನು ತುಂಬ ಮೆಚ್ಚುತ್ತೇನೆ. ಇಲ್ಲಿ ಅನುಕೂಲ ಮತ್ತು ಸುರಕ್ಷೆಯ ನಡುವೆ ಚೌಕಾಸಿಯೇ ನಡೆದಿಲ್ಲ. ತಪ್ಪನ್ನು ತಡೆಯುವ ಗೊಡವೆಗೆ ಹೋಗದೆ, ತಪ್ಪು ನಡೆದರೂ ನಷ್ಟವಾಗದ ಹಾಗೆ ಬಾಣದ ಕೆಳಗಿನ ಜಾಗವನ್ನು ಸರಿಯಾದ ಸಾಲಿಗೆ ಕೊಟ್ಟಿದ್ದಾರೆ.

ಮೆನು ಎಲ್ಲಿ ತೆರೆಯಬೇಕು ಎಂಬ ಪ್ರಶ್ನೆಗೆ ಬೆರಳಿನ ಹತ್ತಿರವೇ ಎಂಬುದು ಉತ್ತರ. ನಿಜವಾದ ಪ್ರಶ್ನೆ ಅದರ ಮುಂದಿನದು: ಅಷ್ಟು ಹತ್ತಿರ ಯಾವ ಸಾಲಿಗೆ ಜಾಗ ಕೊಡಬೇಕು? ಹಿಂದಕ್ಕೆ ಪಡೆಯಬಹುದಾದ ಕೆಲಸಗಳಿಗೆ ಮಾತ್ರ ಎಂಬುದು ನನ್ನ ಅಭಿಪ್ರಾಯ. ಹಳೆಯ ವಿಂಡೋಸ್‌ನ ಫೈಲ್ ಮೆನು ಇದಕ್ಕೆ ಒಳ್ಳೆಯ ಸಾಕ್ಷಿ. ಮೇಲ್ತುದಿಯಲ್ಲಿ ‘ಓಪನ್’, ಕೆಳತುದಿಯಲ್ಲಿ ‘ಪ್ರಾಪರ್ಟೀಸ್’. ಪರದೆಯ ಬುಡದಲ್ಲಿ ರೈಟ್ ಕ್ಲಿಕ್ ಮಾಡಿದರೆ ಜಾಗ ಸಾಲದೆ ಮೆನು ಮೇಲ್ಮುಖವಾಗಿ ತೆರೆಯುತ್ತದೆ, ಆದರೆ ಸಾಲುಗಳ ಅನುಕ್ರಮ ತಿರುಗುವುದಿಲ್ಲ. ಆಗ ಬಾಣಕ್ಕೆ ಅತಿ ಸಮೀಪ ಬರುವುದು ಕೊನೆಯ ಸಾಲು. ಆ ಕೊನೆಯ ಸಾಲು ‘ಡಿಲೀಟ್’ ಆಗಿದ್ದರೆ? ಎರಡು ತುದಿಗಳಲ್ಲೂ ನಿರುಪದ್ರವಿ ಸಾಲುಗಳನ್ನಿಟ್ಟು, ಅಪಾಯದ್ದನ್ನು ನಡುವೆ ಸೇರಿಸಿದ್ದರಿಂದ ಮೆನು ಯಾವ ಕಡೆಗೆ ಮಗುಚಿದರೂ ತೊಂದರೆಯಿಲ್ಲ. ಇಂದು ಆ್ಯಪ್‌ಗಳನ್ನು ಬರೆಯುವ ಅನೇಕರು ಡಿಲೀಟನ್ನು ಕೊನೆಯ ಸಾಲಿಗೆ ಹಾಕಿ ಕೆಂಪು ಬಣ್ಣ ಬಳಿಯುತ್ತಾರೆ. ಮೆನು ಮಗುಚಿದಾಗ ಆ ಕೆಂಪು ಸಾಲು ಬೆರಳಿನ ಬುಡಕ್ಕೇ ಬರುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿರುವುದಿಲ್ಲ.

2021ರಲ್ಲಿ ಬಂದ ವಿಂಡೋಸ್ 11 ಬೇರೆ ದಾರಿ ಹಿಡಿಯಿತು. ಕಟ್, ಕಾಪಿ, ರೀನೇಮ್, ಡಿಲೀಟ್‌ಗಳನ್ನು ಚಿತ್ರಗಳಾಗಿ ಒಂದೇ ಅಡ್ಡ ಸಾಲಿನಲ್ಲಿ ಜೋಡಿಸಿ, ಮೆನು ಕೆಳಮುಖವಾಗಿ ತೆರೆದರೆ ಮೇಲ್ತುದಿಗೆ, ಮೇಲ್ಮುಖವಾಗಿ ತೆರೆದರೆ ಕೆಳತುದಿಗೆ, ಹೇಗಾದರೂ ಬಾಣದ ಪಕ್ಕಕ್ಕೇ ತಂದಿತು. ದೂರದ ಲೆಕ್ಕದಲ್ಲಿ ಇದು ಸರಿ. ಅಲ್ಲಿನ ಡಿಲೀಟ್ ಕೂಡ ಸಾಮಾನ್ಯವಾಗಿ ಫೈಲನ್ನು ರೀಸೈಕಲ್ ಬಿನ್‌ಗೆ ಹಾಕುತ್ತದೆಯೇ ಹೊರತು ನಾಶ ಮಾಡುವುದಿಲ್ಲ. ಆದರೆ ಹೆಸರಿಲ್ಲದ ಪುಟ್ಟ ಚಿತ್ರಗಳನ್ನು ಪಕ್ಕಪಕ್ಕ ಇಟ್ಟದ್ದು ಬಿ-17ರ ಸ್ವಿಚ್ಚುಗಳ ಕಥೆಯೇ. ಮುಂದೆ ಆ ಚಿತ್ರಗಳಿಗೆ ಹೆಸರುಗಳನ್ನೂ ಸೇರಿಸಿದರು.

ಹತ್ತಿರ ಮತ್ತು ದೂರದ ನಡುವೆ ಇನ್ನೊಂದು ದಾರಿಯೂ ಇದೆ. ಅದು ಸಮಯವನ್ನು ಬಳಸಿಕೊಳ್ಳುವುದು. ಮೆನುವಿನೊಳಗಿನ ಉಪಮೆನುವಿಗೆ ಹೋಗುವಾಗ ಕೈ ಸಹಜವಾಗಿ ಓರೆಯಾಗಿ ಚಲಿಸುತ್ತದೆ. ದಾರಿಯಲ್ಲಿ ಕೆಳಗಿನ ಸಾಲನ್ನು ತುಳಿದರೆ ಉಪಮೆನು ಮುಚ್ಚಿ ಇನ್ನೊಂದು ತೆರೆದುಬಿಡುತ್ತದೆ. ಇದನ್ನು ತಡೆಯಲು ವಿಂಡೋಸ್ 400 ಮಿಲಿಸೆಕೆಂಡ್ ಕಾಯುತ್ತದೆ. ಆ್ಯಪಲ್‌ನಲ್ಲಿ ಬ್ರೂಸ್ ಟಾಗ್ನಜಿನಿ ಕಾಯುವಿಕೆಯ ಬದಲು ದಿಕ್ಕನ್ನು ಗಮನಿಸಿದರು. ಬಾಣದಿಂದ ಉಪಮೆನುವಿನ ಕಡೆಗೆ ಕವಲೊಡೆಯುವ ಕಾಣದ ತ್ರಿಕೋನವೊಂದನ್ನು ಕಲ್ಪಿಸಿ, ಅದರೊಳಗೆ ಚಲಿಸುವವರೆಗೂ ಉಪಮೆನು ಮುಚ್ಚದಂತೆ ಮಾಡಿದರು. ಬಳಸುವವರಿಗೆ ಆ ತ್ರಿಕೋನ ಎಂದೂ ಕಾಣುವುದಿಲ್ಲ. ಮೆನು ತಮ್ಮ ಮಾತು ಕೇಳುತ್ತಿದೆ ಎಂಬ ಅನುಭವ ಮಾತ್ರ ಆಗುತ್ತದೆ.

ಆಫೀಸ್ 2007ರಲ್ಲಿ ದೂರವನ್ನೇ ಸೂಚನೆಯಾಗಿ ಬಳಸಿದ ಇನ್ನೊಂದು ಪ್ರಯೋಗ ಬಂತು. ವರ್ಡ್‌ನಲ್ಲಿ ಕೆಲವು ಪದಗಳನ್ನು ಆರಿಸಿದೊಡನೆ ಬಾಣದ ತುಸು ಮೇಲೆ, ಬದಿಗೆ, ಸಣ್ಣ ಉಪಕರಣ ಪಟ್ಟಿಯೊಂದು ಮಸುಕಾಗಿ ಮೂಡುತ್ತದೆ. ಅತ್ತ ಬಾಣ ಒಯ್ದರೆ ಮೆಲ್ಲಗೆ ಗಟ್ಟಿಯಾಗುತ್ತದೆ, ದೂರ ಸರಿದರೆ ಕರಗಿಹೋಗುತ್ತದೆ. ಬಾಣದ ಕೆಳಗೆ ಅದು ಎಂದೂ ಮೂಡುವುದಿಲ್ಲ, ಏಕೆಂದರೆ ಪದ ಆರಿಸಿದವರೆಲ್ಲ ಅಕ್ಷರ ದಪ್ಪ ಮಾಡಲೆಂದೇ ಆರಿಸಿರುವುದಿಲ್ಲ. ಹಲವರು ಅಳಿಸಲು, ಕೆಲವರು ಬರೀ ಓದಿನ ಗುರುತಿಗೆ ಆರಿಸಿರುತ್ತಾರೆ. ಕರೆಯದೆ ಬಂದ ಮೆನುವಿಗೂ ಕರೆದಾಗ ಬಂದ ಮೆನುವಿಗೂ ಇರಬೇಕಾದ ವ್ಯತ್ಯಾಸ ಇದು.

ವೃತ್ತಾಕಾರದ ಮೆನುಗಳನ್ನೂ ಇಲ್ಲಿ ನೆನೆಯಬೇಕು. 1988ರಲ್ಲಿ ಡಾನ್ ಹಾಪ್ಕಿನ್ಸ್, ಬೆನ್ ಶ್ನೀಡರ್‌ಮನ್ ಮತ್ತಿತರರು ಎಂಟು ಆಯ್ಕೆಗಳ ವೃತ್ತ ಮೆನುವನ್ನು ಸಾಲು ಮೆನುವಿನೊಂದಿಗೆ ಹೋಲಿಸಿದಾಗ ವೃತ್ತದಲ್ಲಿ ಗುರಿ ತಲುಪುವ ಸಮಯ ಸುಮಾರು ಶೇ. 15ರಷ್ಟು ಕಡಿಮೆಯಾಗಿತ್ತು. ಬಾಣ ಇರುವುದು ನಟ್ಟನಡುವೆ, ಎಂಟೂ ಹೋಳುಗಳು ಸಮಾನ ದೂರದಲ್ಲಿ. ನಡುವಿನ ಜಾಗಕ್ಕೆ ಯಾವ ಕೆಲಸವೂ ಇಲ್ಲ, ಅಲ್ಲೇ ಬಿಟ್ಟರೆ ಏನೂ ಆಗುವುದಿಲ್ಲ. ಇಷ್ಟು ಒಳ್ಳೆಯ ಗುಣಗಳಿದ್ದೂ ಅದು ಆಟಗಳಲ್ಲಿ, ತ್ರಿ-ಆಯಾಮ ಚಿತ್ರ ರಚಿಸುವ ತಂತ್ರಾಂಶಗಳಲ್ಲಿ ನೆಲೆಸಿತೇ ಹೊರತು ಎಲ್ಲರ ಮೇಜಿಗೆ ಬರಲಿಲ್ಲ. ಇಪ್ಪತ್ತು ಆಯ್ಕೆಗಳಿದ್ದರೆ ವೃತ್ತದ ಹೋಳುಗಳು ತೀರಾ ತೆಳ್ಳಗಾಗಿಬಿಡುತ್ತವೆ.

ಫೋನ್ ಬಂದ ಮೇಲೆ ಇಡೀ ಲೆಕ್ಕ ಬದಲಾಯಿತು. ಬಾಣದ ತುದಿ ಒಂದು ಪಿಕ್ಸೆಲ್, ಹೆಬ್ಬೆರಳಿನ ತುದಿ ಸೆಂಟಿಮೀಟರಿಗೂ ಅಗಲ. ಬಾಣ ತನ್ನ ಕೆಳಗಿನದನ್ನು ಮರೆಮಾಡುವುದಿಲ್ಲ, ಬೆರಳು ಮಾಡುತ್ತದೆ. ಒಂದೇ ಕೈಯ ಹೆಬ್ಬೆರಳಿನಿಂದ ಬಳಸುವಾಗ ಗುರಿ ಎಷ್ಟು ದೊಡ್ಡದಿರಬೇಕು ಎಂದು 2006ರಲ್ಲಿ ಪರೀಕ್ಷಿಸಿದ ಸಂಶೋಧಕರು 9.2 ಮಿಲಿಮೀಟರ್ ಎಂದು ಸೂಚಿಸಿದರು. ಆ್ಯಂಡ್ರಾಯ್ಡ್‌ನ ಶಿಫಾರಸು ಸಹ ಸುಮಾರು 9 ಮಿಲಿಮೀಟರ್. ಬೆರಳನ್ನು ಒತ್ತಿ ಹಿಡಿದಾಗ ತೆರೆಯುವ ಮೆನು ಬೆರಳಿನ ಕೆಳಗೆ ತೆರೆದರೆ ಕಾಣಿಸುವುದಿಲ್ಲ, ಆದ್ದರಿಂದ ಅದು ಮೇಲೆ ತೆರೆಯಬೇಕು. ಕೀಲಿಮಣೆಯಲ್ಲಿ ಒಂದು ಅಕ್ಷರ ಒತ್ತಿ ಹಿಡಿದರೆ ಅದರ ಬಳಗದ ಇತರ ಅಕ್ಷರಗಳು ಬೆರಳಿನ ಮೇಲ್ಗಡೆ ಮೂಡುವುದು ಇದೇ ಕಾರಣಕ್ಕೆ.

ಫೋನಿನಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಬೇರೆಯೇ ತೊಂದರೆ. ನೀವು ಒಂದನ್ನು ಮುಟ್ಟಲು ಬೆರಳು ಇಳಿಸುತ್ತಿದ್ದೀರಿ, ಅಷ್ಟರಲ್ಲಿ ಅದೇ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಹೊರಟ ಕೈಯನ್ನು ತಡೆದು ನಿಲ್ಲಿಸಲು ಮಿದುಳಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ಆ ಅವಧಿಯೊಳಗೆ ಮೂಡಿದ ಯಾವುದನ್ನೂ ಕಣ್ಣು ಕಂಡರೂ ಕೈ ತಪ್ಪಿಸಿಕೊಳ್ಳಲಾರದು. ಇದು ವೃದ್ಧರ ದೌರ್ಬಲ್ಯವಲ್ಲ, ಅವಸರದವರ ದೋಷವೂ ಅಲ್ಲ, ನರಮಂಡಲದ ಮಿತಿ. ಹಾಗಾಗಿಯೇ ಕ್ಯಾಮೆರಾ ಬಳಸಲು ಅನುಮತಿ ಕೇಳುವಂಥ ಕಿಟಕಿಗಳಲ್ಲಿ ಫೈರ್‌ಫಾಕ್ಸ್‌ನ ಗುಂಡಿಗಳು ಮೂಡಿದ ಮೇಲೆ ಸುಮಾರು ಅರ್ಧ ಸೆಕೆಂಡು ಯಾವ ಕ್ಲಿಕ್ಕನ್ನೂ ಸ್ವೀಕರಿಸುವುದಿಲ್ಲ. ವಂಚಕರು ಇದೇ ಮಿತಿಯನ್ನು ಬಳಸಿ ಜನರಿಂದ ಒಪ್ಪಿಗೆ ಕದಿಯಬಲ್ಲರು ಎಂಬುದು ಬ್ರೌಸರ್ ಕಟ್ಟುವವರಿಗೆ ಬೇಗನೆ ತಿಳಿದಿತ್ತು. ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಒತ್ತಿದ ಕ್ಷಣದಲ್ಲೇ ಕೆಲಸ ನಡೆಸಬೇಡಿ, ಬೆರಳು ಎತ್ತಿದಾಗ ನಡೆಸಿ ಎನ್ನುತ್ತದೆ. ತಪ್ಪಾಗಿ ಮುಟ್ಟಿದವರು ಬೆರಳನ್ನು ಎತ್ತದೆ ಪಕ್ಕಕ್ಕೆ ಜಾರಿಸಿ ಪಾರಾಗಲು ಅವಕಾಶ ಸಿಗಲಿ ಎಂಬುದು ಅದರ ಉದ್ದೇಶ. ಕೈ ನಡುಗುವವರಿಗೆ ಇದು ದೊಡ್ಡ ಆಸರೆ.

‘ಖಚಿತವೇ?’ ಎಂದು ಇನ್ನೊಮ್ಮೆ ಕೇಳಿದರೆ ಸಾಲದೇ ಎನ್ನುವವರಿದ್ದಾರೆ. 2018ರ ಜನವರಿ 13ರ ಬೆಳಿಗ್ಗೆ ಹವಾಯಿ ದ್ವೀಪಗಳ ಜನರ ಫೋನುಗಳಿಗೆ ಕ್ಷಿಪಣಿ ದಾಳಿಯ ಎಚ್ಚರಿಕೆ ಬಂತು. ಅದು ಸುಳ್ಳೆಂದು ಫೋನುಗಳಿಗೆ ತಿದ್ದುಪಡಿ ಬರಲು 38 ನಿಮಿಷ ಹಿಡಿಯಿತು. ಮೊದಲಿಗೆ ಅದನ್ನು ಕೈತಪ್ಪಿನ ಕ್ಲಿಕ್ ಎಂದರು. ಅಭ್ಯಾಸದ ಸಂದೇಶವನ್ನು ಸಿಬ್ಬಂದಿ ನಿಜವೆಂದೇ ನಂಬಿದ್ದರು ಎಂದು ಬಳಿಕ ಹೊರಬಂತು. ಆದರೂ ತನಿಖಾ ವರದಿ ತಂತ್ರಾಂಶದ ಕಡೆಗೂ ಬೆರಳು ಮಾಡಿತು. ಅಭ್ಯಾಸಕ್ಕೂ ನಿಜದ ಎಚ್ಚರಿಕೆಗೂ ಅಲ್ಲಿ ಬೇರೆ ಬೇರೆ ತಾಣವಿರಲಿಲ್ಲ, ‘ಕಳಿಸುವುದು ಖಚಿತವೇ’ ಎಂಬ ಪ್ರಶ್ನೆಯೂ ಎರಡಕ್ಕೂ ಒಂದೇ ಇತ್ತು. ಸದಾ ಕೇಳುವ ಪ್ರಶ್ನೆಗೆ ಕೈ ತಾನಾಗಿಯೇ ‘ಹೌದು’ ಎನ್ನುವುದನ್ನು ರೂಢಿಸಿಕೊಳ್ಳುತ್ತದೆ. ಜಿಮೇಲ್‌ನಲ್ಲಿ ಪತ್ರ ಕಳಿಸಿದ ಮೇಲೆ ಕೆಲವು ಸೆಕೆಂಡು ಉಳಿಯುವ ‘ಅನ್‌ಡು’ ಗುಂಡಿ ಅದಕ್ಕಿಂತ ಎಷ್ಟೋ ಮೇಲು. ಅದು ಮೊದಲೇ ಅಡ್ಡ ನಿಲ್ಲುವುದಿಲ್ಲ, ತಪ್ಪು ಅರಿವಾದ ಮೇಲೆ ಕೈಹಿಡಿಯುತ್ತದೆ.

ಕನ್ನಡದ ಮೆನುಗಳ ಬಗ್ಗೆ ಒಂದು ಮಾತು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಇಂಗ್ಲಿಷಿಗೆ ಹೊಲಿದ ಎತ್ತರ ನಮಗೆ ಸಾಲದು. ಎತ್ತರ ಹೆಚ್ಚಿಸಿದರೆ ಮೆನು ಉದ್ದವಾಗಿ ಬಳಕೆ ನಿಧಾನವಾಗುತ್ತದೆ ಎಂಬ ಅಳುಕಿನಿಂದ ಅನೇಕರು ಅಕ್ಷರಗಳನ್ನೇ ಕುಗ್ಗಿಸುತ್ತಾರೆ. ಫಿಟ್ಸ್‌ರ ಸೂತ್ರಕ್ಕೆ ಮರಳಿ ನೋಡಿ. ಸಾಲನ್ನು 4ರಿಂದ 6 ಮಿಲಿಮೀಟರಿಗೆ ಏರಿಸಿದರೆ 8 ಮಿಲಿಮೀಟರ್ ಕೆಳಗಿದ್ದ ಸಾಲಿನ ದೂರ 12ಕ್ಕೆ ಏರುತ್ತದೆ. 24 ಭಾಗ 6, ಮತ್ತೆ ನಾಲ್ಕೇ, ಮತ್ತೆ 2 ಬಿಟ್ಟೇ. ದೂರವೂ ಗುರಿಯೂ ಒಟ್ಟಿಗೆ ಬೆಳೆದರೆ ಕೈಗೆ ಹೊರೆ ಏರುವುದಿಲ್ಲ. ಅಕ್ಷರ ಸ್ಪಷ್ಟವಾಗಿ ಓದಲು ಸಿಗುವುದು ಮೇಲಿನ ಲಾಭ. ಪರದೆಯಲ್ಲಿ ಜಾಗ ಇರುವವರೆಗೆ ಕನ್ನಡಕ್ಕೆ ಎತ್ತರದ ಸಾಲು ಕೊಡಲು ಹಿಂಜರಿಯಬೇಕಿಲ್ಲ.

ಆ್ಯಪ್ ಕಟ್ಟುವ ಗೆಳೆಯ ಗೆಳತಿಯರೇ, ನಿಮ್ಮ ಮೆನುವನ್ನು ಪರೀಕ್ಷಿಸುವಾಗ ಎಷ್ಟು ಬೇಗ ಕೆಲಸವಾಯಿತು ಎಂಬುದರ ಜೊತೆಗೆ ಎಷ್ಟು ಸಲ ಬೇಡದ್ದು ನಡೆಯಿತು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಪರದೆಯ ನಾಲ್ಕೂ ಮೂಲೆಗಳಲ್ಲಿ ಮೆನು ತೆರೆದು, ಪ್ರತಿ ಸಲ ಬೆರಳಿಗೆ ಹತ್ತಿರ ಬಂದ ಸಾಲು ಯಾವುದೆಂದು ನೋಡಿ. ಓಡುವ ಬಸ್ಸಿನಲ್ಲಿ ಕೂತು ಒಂದೇ ಕೈಯಲ್ಲಿ ಬಳಸಿ ನೋಡಿ, ಎಪ್ಪತ್ತು ದಾಟಿದವರ ಕೈಗೆ ಕೊಟ್ಟು ನೋಡಿ. ಅವರು ತಪ್ಪು ಸಾಲು ಮುಟ್ಟಿದರೆ ಅವರಿಗೆ ಕಲಿಸಲು ಹೋಗಬೇಡಿ, ಆ ಸಾಲನ್ನು ಸರಿಸಿ.